ತಮ್ಮ ಇರುವ ಗ್ರೂಪ್ ಹೋಮ್: ಐದಕ್ಕೆ ಮೂರು ಸ್ಟಾರ್

ಹೆಸರು ಹೇಳುವುದಿಲ್ಲ, ತಮ್ಮ ಇನ್ನೂ ಅಲ್ಲೇ ಇದ್ದಾನೆ. ಅವನಿಗೆ ಆಟಿಸಂ, ಜೊತೆಗೆ ಬೌದ್ಧಿಕ ಅಂಗವೈಕಲ್ಯ. ಮಾತು ಕಡಿಮೆ, ಆದರೆ ತನಗೇನು ಬೇಕು, ಏನು ಬೇಡ ಅನ್ನುವುದು ಚೆನ್ನಾಗಿ ಗೊತ್ತು. ಆರು ಜನ ವಯಸ್ಕರು ಒಟ್ಟಿಗಿರುವ ಮನೆ ಅದು. ಇಂಥ ಜಾಗ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು. ಮನೆ ಚೊಕ್ಕಟ. ಮಾತ್ರೆ ತಪ್ಪುವುದಿಲ್ಲ, ಕೊಟ್ಟಿದ್ದಕ್ಕೆಲ್ಲ ಸಹಿ ಇರುತ್ತದೆ. ಹೇಳದೆ ಹೋದರೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಇದಕ್ಕೇ ಒಂದು ಸ್ಟಾರ್ ಕೊಡಬಹುದು. "ಫೋನ್ ಮಾಡಿಕೊಂಡು ಬನ್ನಿ" ಅನ್ನುವ ಮನೆಗಳ ಮೇಲೆ ನನಗೆ ಯಾವಾಗಲೂ ಅನುಮಾನ. ರಾತ್ರಿ ಪಾಳಿಯ ಕೇರ್‌ಟೇಕರ್ ಒಬ್ಬರಿಗೆ ತಮ್ಮನ ಗುನುಗುವಿಕೆಯಲ್ಲೇ ಖುಷಿ ಯಾವುದು, ನೋವು ಯಾವುದು ಅಂತ ತಿಳಿಯುತ್ತದೆ. ಅಂಥವರ ಸಂಬಳ ಕೇಳಿದರೆ ಮಾತ್ರ ನಾಚಿಕೆಯಾಗುತ್ತದೆ.

ಇನ್ನು ಎರಡು ಸ್ಟಾರ್ ಯಾಕೆ ಕಳೆದೆ ಅಂತ. ಕಳೆದ ವರ್ಷ ತಮ್ಮ ತನ್ನ ಎಡಗೆನ್ನೆಗೆ ತಾನೇ ಹೊಡೆದುಕೊಳ್ಳತೊಡಗಿದ. ಬ್ರಷ್ ಕಂಡರೆ ಓಡುವುದು, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಓಡಾಡುವುದು. ಅಲ್ಲಿನ ದಿನಚರಿ ಪುಸ್ತಕದಲ್ಲಿ ಇದನ್ನೆಲ್ಲ "ವರ್ತನೆ ಸಮಸ್ಯೆ" ಅಂತ ಬರೆದು ಮುಗಿಸಿದ್ದರು. ಮ್ಯಾನೇಜರ್ ಫೋನ್ ಮಾಡಿ, "ಮೇಡಂ, ಡಾಕ್ಟರಿಗೆ ಹೇಳಿ ಮಾತ್ರೆ ಸ್ವಲ್ಪ ಜಾಸ್ತಿ ಮಾಡಿಸೋಣವಾ?" ಅಂದರು. ಹೋಗಿ ಆ ಪುಸ್ತಕವನ್ನೇ ಕೂತು ಓದಿದೆ. ಹೊಡೆತ ಯಾವಾಗಲೂ ಎಡಕ್ಕೇ, ಅದೂ ಊಟದ ನಂತರ ಜಾಸ್ತಿ. "ಮೊದಲು ಹಲ್ಲಿನ ಡಾಕ್ಟರು, ಮಾತ್ರೆ ವಿಷಯ ಆಮೇಲೆ" ಅಂತ ಪಟ್ಟು ಹಿಡಿದೆ. ನೋಡಿದರೆ ದವಡೆ ಹಲ್ಲು ಹುಳುಕಾಗಿ ಬುಡದಲ್ಲಿ ಕೀವು ತುಂಬಿತ್ತು. ಹಲ್ಲು ಕೀಳಿಸಿದ ಮೇಲೆ ಹೊಡೆದುಕೊಳ್ಳುವುದೂ ನಿಂತಿತು.

ಇದೇನು ಅಪರೂಪದ ಕಥೆಯಲ್ಲ. ಮಾತಿನಲ್ಲಿ ಹೇಳಲಾಗದವರಿಗೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಏನೇ ಇದ್ದರೂ ಅದು ಹೊರಗೆ ಕಾಣುವುದು ಎಷ್ಟೋ ಸಲ ಸಿಟ್ಟಾಗಿ. ನೋಡುವವರು ಅದನ್ನು ಅಂಗವೈಕಲ್ಯದ ಖಾತೆಗೆ ಬರೆದು ಸುಮ್ಮನಾಗುತ್ತಾರೆ. ಆಟಿಸಂ, ಬೌದ್ಧಿಕ ಅಂಗವೈಕಲ್ಯ ಇರುವವರಿಗೆ ಬೇಕಿಲ್ಲದ ಮನೋರೋಗದ ಔಷಧಿ ಕೊಡುವುದನ್ನು ತಡೆಯಲೆಂದೇ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ 2016ರಲ್ಲಿ "ಸ್ಟಾಂಪ್" (STOMP) ಅಂತ ಒಂದು ಅಭಿಯಾನವನ್ನೇ ಶುರು ಮಾಡಬೇಕಾಯಿತು.

ಎರಡನೆಯದು, ಕೇಳುವ ಅಭ್ಯಾಸವೇ ಇಲ್ಲ. ವಾರ್ಷಿಕ ಸಭೆಯಲ್ಲಿ ತಮ್ಮ ಎದುರಿಗೇ ಕೂತಿದ್ದ. ಮಾತೆಲ್ಲ ನನ್ನ ಜೊತೆ. "ಇವನಿಗೆ ವ್ಯಾನಿನಲ್ಲಿ ಔಟಿಂಗ್ ಅಂದರೆ ಬಹಳ ಇಷ್ಟ" ಅಂದರು. ನಾನು ತಂದಿದ್ದ ಫೋಟೋಗಳನ್ನು ಮೇಜಿನ ಮೇಲೆ ಹರಡಿದೆ: ವ್ಯಾನ್, ಬಸ್ಸು, ಅವನ ರೂಮು, ಹೆಡ್‌ಫೋನ್. ವ್ಯಾನಿನ ಫೋಟೋವನ್ನು ಅವನು ಮೇಜಿನಿಂದ ಕೆಳಕ್ಕೇ ತಳ್ಳಿದ. ಬಸ್ಸಿನದನ್ನು ಕೈಯಲ್ಲಿ ಹಿಡಿದುಕೊಂಡವನು ಸಭೆ ಮುಗಿದರೂ ಕೊಡಲಿಲ್ಲ. ನಿಜ ಹೇಳಬೇಕೆಂದರೆ ಅವನು ಎಲ್ಲರ ಜೊತೆ ವ್ಯಾನಿನಲ್ಲಿ ಹೋದರೇ ನನಗೆ ನಿಶ್ಚಿಂತೆ. ಆದರೆ ನಾನು ಅಲ್ಲಿ ಕೂತಿದ್ದು ನನ್ನ ನಿಶ್ಚಿಂತೆಗೆ ವಕಾಲತ್ತು ಮಾಡುವುದಕ್ಕಲ್ಲವಲ್ಲ. ಈಗ ಒಬ್ಬ ಕೇರ್‌ಟೇಕರ್ ಜೊತೆ ಬಸ್ಸಿನಲ್ಲಿ ಹೋಗಿ ಬರುತ್ತಾನೆ, ಸಿಬ್ಬಂದಿ ಇದ್ದ ದಿನ. ಕೆಲಸ ಬಿಟ್ಟು ಹೋಗುವವರೇ ಹೆಚ್ಚಾದ್ದರಿಂದ, ಇವನು ಹೇಗೆ ಬೇಡ ಅನ್ನುತ್ತಾನೆ, ನೋವನ್ನು ಹೇಗೆ ತೋರಿಸುತ್ತಾನೆ ಅಂತ ಒಂದು ಹಾಳೆಯಲ್ಲಿ ಬರೆದು ಫೈಲಿನ ಮೊದಲ ಪುಟಕ್ಕೆ ಹಾಕಿಸಿದ್ದೇನೆ. ಹೊಸಬರು ಅದನ್ನು ಓದಿದ್ದಾರೋ ಇಲ್ಲವೋ ಅಂತ ಕೇಳುತ್ತಲೂ ಇರುತ್ತೇನೆ.

"ಸಣ್ಣ ಮನೆ ಮೇಡಂ, ಸಂಸ್ಥೆ ಥರ ಅಲ್ಲ" ಅನ್ನುವುದು ಅವರ ಹೆಮ್ಮೆ. 2017ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ ಇದಕ್ಕೆ ಉತ್ತರ ಕೊಟ್ಟಾಗಿದೆ: ನೂರು ಜನರಿರಲಿ, ಐದರಿಂದ ಎಂಟು ಜನರಿರಲಿ, ಎಲ್ಲರಿಗೂ ಒಂದೇ ವೇಳಾಪಟ್ಟಿ ಹಾಕಿ, ಯಾರ ಜೊತೆ ಇರಬೇಕು, ಯಾರಿಂದ ಸಹಾಯ ಪಡೆಯಬೇಕು ಅನ್ನುವುದನ್ನು ಬೇರೆಯವರೇ ತೀರ್ಮಾನಿಸಿದರೆ ಅದೂ ಸಂಸ್ಥೆಯೇ. ಅಂಗವಿಕಲರ ಹಕ್ಕುಗಳ ಬಗೆಗಿನ 2006ರ ಒಡಂಬಡಿಕೆಯ 19ನೇ ವಿಧಿಯನ್ನು ವಿವರಿಸುತ್ತಾ ಹೇಳಿದ ಮಾತು ಇದು. ಪ್ರಿಂಟ್ ತೆಗೆದು ಮ್ಯಾನೇಜರ್ ಕೈಗೇ ಕೊಟ್ಟಿದ್ದೇನೆ.

ನೀವು ಮನೆ ನೋಡಲು ಹೋದರೆ ಗೋಡೆ, ಗಾರ್ಡನ್ ನೋಡಿ ಮರುಳಾಗಬೇಡಿ. ಇಲ್ಲಿರುವವರಲ್ಲಿ ಯಾರಾದರೂ ಇತ್ತೀಚೆಗೆ ಯಾವುದಕ್ಕೆ ಬೇಡ ಅಂದರು, ಆಮೇಲೆ ನೀವೇನು ಮಾಡಿದಿರಿ ಅಂತ ಕೇಳಿ. ತಡವರಿಸಿದರೆ ಇನ್ನೊಂದು ಮನೆ ನೋಡಿ.

ಸದ್ಯ ನಡೆಯುತ್ತಿರುವ ಜಗಳ ಬಚ್ಚಲಮನೆಯದು. ಒಳಗಿನಿಂದ ಚಿಲಕವಿಲ್ಲ, ಯಾರು ಬೇಕಾದರೂ ತಳ್ಳಿಕೊಂಡು ಬರಬಹುದು. ಕೇಳಿದರೆ "ಸೇಫ್ಟಿ" ಅನ್ನುತ್ತಾರೆ. ತುರ್ತಿದ್ದಾಗ ಹೊರಗಿನಿಂದಲೂ ತೆಗೆಯಬಹುದಾದ ಲಾಕ್ ಸಿಗುತ್ತದೆ, ಅದನ್ನು ಹಾಕಿಸಿ ಅಂತ ಬರೆದುಕೊಟ್ಟಿದ್ದೇನೆ. "ನೋಡೋಣ ಮೇಡಂ" ಅಂದಿದ್ದಾರೆ. ಲಾಕ್ ಹಾಕಿದ ದಿನ ಇಲ್ಲಿ ಬಂದು ಇನ್ನೊಂದು ಸ್ಟಾರ್ ಸೇರಿಸುತ್ತೇನೆ.