ಬಾಸ್ಟನ್ನಿನಲ್ಲಿ ಚೀನಾ ನೋಡಬೇಕೆಂದರೆ: ಉಪನ್ಯಾಸವೋ, ಮ್ಯೂಸಿಯಮ್ಮೋ, ಸೇಲಮ್ಮಿನ ಮನೆಯೋ?

ಬಾಸ್ಟನ್ ಸುತ್ತಮುತ್ತ ಇದ್ದುಕೊಂಡು, ಟಿವಿ ಸುದ್ದಿಯಾಚೆಗಿನ ಚೀನಾವನ್ನು ತಿಳಿಯಬೇಕು ಅನ್ನುವವರಿಗೆ ನಾನೇ ಹೋಗಿ ನೋಡಿದ ಮೂರು ದಾರಿ ಹೇಳಬಲ್ಲೆ: ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಚೀನಾ ಅಧ್ಯಯನಕ್ಕೆಂದೇ ಇರುವ ಫೇರ್‌ಬ್ಯಾಂಕ್ ಕೇಂದ್ರದ ಸಾರ್ವಜನಿಕ ಉಪನ್ಯಾಸಗಳು, ಅಲ್ಲಿಂದ ನಡೆದೇ ಹೋಗಬಹುದಾದ ಹಾರ್ವರ್ಡ್ ಆರ್ಟ್ ಮ್ಯೂಸಿಯಂ, ಮತ್ತೆ ಸೇಲಮ್ ಊರಿನ ಪೀಬಾಡಿ ಎಸೆಕ್ಸ್ ಮ್ಯೂಸಿಯಮ್ಮಿನಲ್ಲಿರುವ ಯಿನ್ ಯೂ ಥಾಂಗ್ ಎಂಬ ಹಳೆಯ ಮನೆ. ನನ್ನ ಓಟು ಮನೆಗೆ.

ಫೇರ್‌ಬ್ಯಾಂಕ್ ಕೇಂದ್ರ ಶುರುವಾದದ್ದು 1955ರಲ್ಲಿ. ಅಮೆರಿಕದಲ್ಲಿ ಚೀನಾದ ಆಧುನಿಕ ಇತಿಹಾಸದ ಓದಿಗೆ ಅಡಿಪಾಯ ಹಾಕಿದ ಜಾನ್ ಕಿಂಗ್ ಫೇರ್‌ಬ್ಯಾಂಕ್ ಅದರ ಸ್ಥಾಪಕರು. ಉಪನ್ಯಾಸಗಳು ಪುಕ್ಕಟೆ, ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ. ಆದರೆ ಹಲವು ನಡೆಯುವುದು ವಾರದ ದಿನ, ನಾವು ಆಫೀಸಿನಲ್ಲಿರುವ ಹೊತ್ತಿಗೆ. ಮಾತನಾಡುವವರು ಸಂಶೋಧಕರು, ಎದುರಿಗಿರುವವರಲ್ಲೂ ಬಹಳಷ್ಟು ಜನ ಸಂಶೋಧಕರೇ. ಹಿನ್ನೆಲೆ ಓದಿಕೊಳ್ಳದೆ ಹೋದರೆ ಅರ್ಧ ತಲೆಯ ಮೇಲೇ ಹಾರಿಹೋಗುತ್ತದೆ. ರುಚಿ ಇರುವುದು ಕೊನೆಯ ಪ್ರಶ್ನೋತ್ತರದಲ್ಲಿ. ಒಬ್ಬರು ಎದ್ದು ‘ಆ ದಾಖಲೆ ಬರೆದವನು ಸರ್ಕಾರಿ ಅಧಿಕಾರಿ, ರೈತ ಏನಂದ ಅಂತ ಹೇಗೆ ಗೊತ್ತು?’ ಎಂದು ಕೇಳಿದರೆ ಸಾಕು, ಇತಿಹಾಸ ಹೇಗೆ ಕಟ್ಟಲ್ಪಡುತ್ತದೆ ಎಂಬುದು ಕಣ್ಣೆದುರೇ ಬಿಚ್ಚಿಕೊಳ್ಳುತ್ತದೆ. ಪೂರ್ತಿ ಕೂರಲು ಆಗದಿದ್ದರೆ ಕೊನೆಯ ಇಪ್ಪತ್ತು ನಿಮಿಷಕ್ಕಾದರೂ ಹೋಗಿ.

ಆರ್ಟ್ ಮ್ಯೂಸಿಯಮ್ಮಿಗೆ 2023ರಿಂದ ಎಲ್ಲರಿಗೂ ಉಚಿತ ಪ್ರವೇಶ. ಗ್ರೆನ್‌ವಿಲ್ ವಿನ್‌ಥ್ರಾಪ್ 1943ರಲ್ಲಿ ಬಿಟ್ಟುಹೋದ ಜೇಡ್ ಮತ್ತು ಕಂಚಿನ ಸಂಗ್ರಹ ದೊಡ್ಡದು, ಆದರೆ ನಾನು ಹೋಗುವುದು ಒಂದೇ ಒಂದು ವಿಗ್ರಹಕ್ಕೆ. ವಾಯವ್ಯ ಚೀನಾದ ದುನ್‌ಹುವಾಂಗ್‌ನಲ್ಲಿರುವ ಮೊಗಾವ್ ಎಂಬ ಬೌದ್ಧ ಗುಹೆಗಳಲ್ಲಿ 328ನೆಯದರಿಂದ ಬಂದ, ಮಂಡಿಯೂರಿ ಕುಳಿತ ಬೋಧಿಸತ್ವ. ತಾಂಗ್ ರಾಜವಂಶದ ಕಾಲದ್ದು (7–10ನೇ ಶತಮಾನ), ಸುಡದ ಮಣ್ಣಿನದು, ಬಣ್ಣ ಇನ್ನೂ ಅಲ್ಲಲ್ಲಿ ಉಳಿದಿದೆ. 1924ರಲ್ಲಿ ಹಾರ್ವರ್ಡ್‌ನ ಕಲಾ ಇತಿಹಾಸಕಾರ ಲ್ಯಾಂಗ್ಡನ್ ವಾರ್ನರ್ ಅದನ್ನು ಅಲ್ಲಿಂದ ತಂದರು, ಗೋಡೆಚಿತ್ರಗಳ ತುಂಡುಗಳನ್ನೂ ಅಂಟು ಹಚ್ಚಿ ಕಿತ್ತು ತಂದರು. ಮರುವರ್ಷ ಅವರ ತಂಡ ಮತ್ತೆ ಹೋದಾಗ ಊರಿನವರು ಬಿಡಲಿಲ್ಲ. ಇದೆಲ್ಲ ಗೊತ್ತಿದ್ದು ನೋಡಿದರೆ ಕೈಮುಗಿಯಬೇಕೋ ತಲೆತಗ್ಗಿಸಬೇಕೋ ತಿಳಿಯುವುದಿಲ್ಲ. ಕೊರತೆ ಇಷ್ಟೇ: ಅದು ಇದ್ದ ಗುಹೆಯ ಕತ್ತಲು, ಪಕ್ಕದ ಮೂರ್ತಿಗಳು, ಹರಕೆ ಹೊತ್ತು ಬಂದವರು ಯಾರೂ ಅಲ್ಲಿಲ್ಲ.

ಸೇಲಮ್ಮಿನದು ಬೇರೆಯೇ ಲೆಕ್ಕ. ಅನ್‌ಹುಯಿ ಪ್ರಾಂತ್ಯದ ಹುಯಿಚೌ ಸೀಮೆಯಲ್ಲಿ ಹುವಾಂಗ್ ಮನೆತನದ ವ್ಯಾಪಾರಿಯೊಬ್ಬ 1800ರ ಆಸುಪಾಸಿನಲ್ಲಿ ಕಟ್ಟಿಸಿದ ಮನೆ. ಎಂಟು ತಲೆಮಾರು ಬಾಳಿ, 1980ರ ದಶಕದಲ್ಲಿ ಖಾಲಿಯಾಯಿತು. ಕಂಬ, ಕಲ್ಲು, ಹೆಂಚು ಎಲ್ಲ ಬಿಚ್ಚಿ ತಂದು ಜೋಡಿಸಿ 2003ರಲ್ಲಿ ತೆರೆದರು. ಹೊರಗೋಡೆಯಲ್ಲಿ ಕಿಟಕಿ ಅಂದರೆ ಸಣ್ಣ ಕಿಂಡಿಗಳು, ಅಷ್ಟೆ. ಒಳಗೆ ಕಾಲಿಟ್ಟರೆ ನಮ್ಮ ತೊಟ್ಟಿಮನೆಯ ಹಾಗೆ ಆಕಾಶಕ್ಕೆ ತೆರೆದ ಅಂಗಳ, ಅದರಲ್ಲಿ ಮೀನು ಬಿಟ್ಟ ಎರಡು ಕೊಳ, ಸುತ್ತ ಎರಡು ಅಂತಸ್ತಿನಲ್ಲಿ 16 ಮಲಗುವ ಕೋಣೆಗಳು. ಮಾಡಿನ ನೀರು ಒಳಕ್ಕೆ ಬಿದ್ದರೆ ಸಂಪತ್ತೂ ಒಳಕ್ಕೆ ಬರುತ್ತದೆಂಬ ನಂಬಿಕೆ ಆ ಸೀಮೆಯಲ್ಲಿದೆ. ಗಂಡಸರು ವ್ಯಾಪಾರಕ್ಕೆಂದು ದೂರದ ಪೇಟೆಗಳಲ್ಲಿ ವರ್ಷಗಟ್ಟಲೆ ಇರುತ್ತಿದ್ದರು. ಇಲ್ಲಿ ಅತ್ತೆ, ಸೊಸೆ, ಮಕ್ಕಳು. ಆ ಕಿಂಡಿಗಳನ್ನು ನೋಡುತ್ತ ನಿಂತಾಗ ಸೊಸೆಯಂದಿರದೇ ಯೋಚನೆ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಧ್ವನಿವರ್ಧಕ. ಕೆತ್ತನೆಯ ಮರದ ನಡುವೆ ಮಾವೋನ ಸಾಂಸ್ಕೃತಿಕ ಕ್ರಾಂತಿಯ (1966–76) ಕಾಲದ ಒಂದು ಸ್ಪೀಕರ್. ಊರಿನ ಪ್ರಕಟಣೆ, ಕಮ್ಯುನಿಸ್ಟ್ ಪಕ್ಷದ ಮಾತು ನೇರ ಮನೆಯೊಳಕ್ಕೇ ಬರುತ್ತಿತ್ತು, ಕೇಳದೆ ಇರುವಂತಿರಲಿಲ್ಲ. ಮಾವೋ ಕಾಲದ ಬಗ್ಗೆ ಕೇಳಿದ ಯಾವ ಉಪನ್ಯಾಸವೂ ನನಗೆ ಇಷ್ಟು ಹತ್ತಿರ ಬಂದಿರಲಿಲ್ಲ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಯೋಚಿಸದೆ ಸೇಲಮ್ಮಿಗೇ ಕರೆದುಕೊಂಡು ಹೋಗಿ. ಹಗಲಲ್ಲಿ ಒಂದು ತಾಸು ಬಿಡುವಿದ್ದರೆ, ಜೇಬೂ ಖಾಲಿಯಿದ್ದರೆ, ಆ ಬೋಧಿಸತ್ವ. ಸೇಲಮ್ಮಿಗೆ ನಾರ್ತ್ ಸ್ಟೇಷನ್ನಿನಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಮನೆಯೊಳಕ್ಕೆ ಒಮ್ಮೆಗೆ ಹೆಚ್ಚು ಜನರನ್ನು ಬಿಡುವುದಿಲ್ಲ, ಹೊರಡುವ ಮೊದಲೇ ಸಮಯ ನೋಡಿ ಕಾದಿರಿಸಿಕೊಳ್ಳಿ. ಅಕ್ಟೋಬರ್ ಮಾತ್ರ ಬೇಡ. ಹಿಂದೆ ಮಾಟಗಾತಿಯರೆಂದು ಜನರನ್ನು ವಿಚಾರಣೆಗೆ ಎಳೆದ ಊರೆಂದೇ ಸೇಲಮ್ ಹೆಸರಾಗಿದೆ. ಹ್ಯಾಲೋವೀನ್‌ಗೆಂದು ಮಾಟಗಾತಿ ಟೋಪಿ ಹಾಕಿಕೊಂಡವರ ಜಾತ್ರೆಯಲ್ಲಿ ಕಾರು ನಿಲ್ಲಿಸಲೂ ಜಾಗ ಸಿಗುವುದಿಲ್ಲ.