ಪಂಚಮಿಯಿಂದ ದೀಪಾವಳಿವರೆಗೆ ನಾಯಿಯ ತುರಿಕೆ: ನೀರು, ಸೆಟಿರಿಜಿನ್, ಪ್ರೆಡ್ನಿಸೊಲೋನ್, ಆಕ್ಲಾಸಿಟಿನಿಬ್

ನಾಗರ ಪಂಚಮಿ ಮುಗಿದು ಮಳೆ ಬಿಟ್ಟು ಬಿಟ್ಟು ಬರತೊಡಗಿದರೆ ಹುಬ್ಬಳ್ಳಿ-ಧಾರವಾಡದ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಕಸ ಸೊಂಟದೆತ್ತರ ಬೆಳೆದು ಬಿಳಿ ಹೂ ಹೊತ್ತು ನಿಂತಿರುತ್ತದೆ. ರಸ್ತೆ ಬದಿಯ ಕರಿಕಿಯೂ ತೆನೆ ಬಿಟ್ಟಿರುತ್ತದೆ. ಮನೆಯ ನಾಯಿ ಪಾದ ನೆಕ್ಕತೊಡಗುವುದು ಅದೇ ಹೊತ್ತಿಗೆ. ದೀಪಾವಳಿ ದಾಟಿ ಚಳಿ ಬಿದ್ದು ಹುಲ್ಲು ಒಣಗಿದರೆ ತುರಿಕೆ ತಾನಾಗಿಯೇ ಇಳಿಯುತ್ತದೆ. ಗದಗ, ನವಲಗುಂದದ ಎರಿ ಸೀಮೆಯಲ್ಲಿ ಮುಂದೆ ಹಿಂಗಾರಿ ಜೋಳ ಹೂ ಬಿಡುತ್ತದೆ. ಜೋಳವೂ ಹುಲ್ಲಿನ ಕುಲದ್ದೇ ಆದ್ದರಿಂದ ಅಲ್ಲಿ ಕೆಲವು ನಾಯಿಗಳ ಕಾಟ ಇನ್ನಷ್ಟು ದಿನ ಎಳೆಯಬಹುದು.

ಮನುಷ್ಯರಿಗೆ ಪರಾಗ ಮೂಗಿಗೆ ಬಡಿಯುತ್ತದೆ, ನಾಯಿಗೆ ಚರ್ಮಕ್ಕೆ. ಸೀನು ಕಡಿಮೆ, ಬೆರಳ ಸಂದು, ಕಂಕುಳು, ಹೊಟ್ಟೆಯಡಿ, ಕಿವಿ, ಕಣ್ಣಿನ ಸುತ್ತ ಕೆರೆತ ಜಾಸ್ತಿ. ಹೆಚ್ಚಿನ ನಾಯಿಗಳಲ್ಲಿ ಈ ಪರಾಗದ ಅಲರ್ಜಿ 6 ತಿಂಗಳಿಂದ 3 ವರ್ಷದೊಳಗೆ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ಲ್ಯಾಬ್ರಡಾರ್, ಪಗ್‌ಗಳಲ್ಲಿ ಹೆಚ್ಚು. ಅದಕ್ಕೇ ಇಲ್ಲಿ 30 ಕಿಲೋದ ಲ್ಯಾಬ್ ಮತ್ತು 10 ಕಿಲೋದ ಪಗ್ ಇಟ್ಟುಕೊಂಡೇ ಲೆಕ್ಕ ಕೊಡುತ್ತೇವೆ. ನೀರು ಮತ್ತು ಮೂರು ಗುಳಿಗೆ, ಈ ನಾಲ್ಕೂ ದಾರಿಗಳನ್ನು ಹಂಗಾಮಿನುದ್ದಕ್ಕೂ ಬಳಸಿ ನೋಡಿದ ಹೋಲಿಕೆ ಇದು. ಗುಳಿಗೆಯ ಪ್ರಮಾಣ ಕೊಟ್ಟಿರುವುದು ನಿಮ್ಮ ಚೀಟಿ ನಿಮಗೆ ಅರ್ಥವಾಗಲೆಂದು. ಬರೆದು ಕೊಡಬೇಕಾದವರು ಪಶುವೈದ್ಯರೇ.

ಹೋಲಿಕೆಗೆ ಮೊದಲು ಎರಡು ತಪಾಸಣೆ ಆಗಲೇಬೇಕು. ಇವನ್ನು ಬಿಟ್ಟವರು ಯಾವ ಗುಳಿಗೆ ಕೊಟ್ಟರೂ "ನಾಟಲಿಲ್ಲ" ಎನ್ನುತ್ತಾರೆ.

ಒಂದು, ಚಿಗಟ. ಬಾಲದ ಬುಡದ ಕೂದಲನ್ನು ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕಿ. ಪುಡಿಯ ಸುತ್ತ ಕೆಂಪು-ಕಂದು ಬಣ್ಣ ಹರಡಿದರೆ ಅದು ಜೀರ್ಣವಾದ ರಕ್ತ, ಚಿಗಟದ ಹಿಕ್ಕೆ. ಹರಡದಿದ್ದರೆ ಬರೀ ಮಣ್ಣು. ಚಿಗಟ ಇದ್ದರೆ ಮೊದಲು ಅದರ ಔಷಧಿ, ಪರಾಗದ ಮಾತು ಆಮೇಲೆ.

ಎರಡು, ಬೆರಳ ಸಂದಿನ ಯೀಸ್ಟ್ ಎಂಬ ಶಿಲೀಂಧ್ರ. ಪಾದವನ್ನು ಕೈಯಲ್ಲಿ ಹಿಡಿದು ಬೆರಳು ಅಗಲಿಸಿ ನೋಡಿ. ಎಂಜಲಿನಿಂದ ಬಿಳಿ ಕೂದಲು ಇಟ್ಟಂಗಿ ಬಣ್ಣಕ್ಕೆ ತಿರುಗಿರುತ್ತದೆ. ಅದೊಂದೇ ಇದ್ದರೆ ಬರೀ ನೆಕ್ಕಿದ ಗುರುತು. ಆದರೆ ಉಗುರಿನ ಬುಡದಲ್ಲಿ ಕಂದು ಜಿಡ್ಡು ಕೂತು, ಮೂಗು ಹತ್ತಿರ ಒಯ್ದರೆ ಹುಳಿ ಬಂದ ಹಿಟ್ಟಿನ ಕಮಟು ವಾಸನೆ ಹೊಡೆದರೆ ಸೋಂಕು ಹತ್ತಿದೆ ಎಂದರ್ಥ. ಸೋಂಕಿನ ತುರಿಕೆ ಬೇರೆ, ಅಲರ್ಜಿಯ ತುರಿಕೆ ಬೇರೆ. ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಜೋಲ್ ಎರಡೂ ಇರುವ ಶಾಂಪೂವಿನಲ್ಲಿ ವಾರಕ್ಕೆ ಎರಡು ಸಲದಂತೆ ಮೂರು ವಾರ ತೊಳೆದ ಮೇಲಷ್ಟೇ ಗುಳಿಗೆಯ ನಿಜವಾದ ಗುಣ ತಿಳಿಯುತ್ತದೆ.

ಅಳತೆಯೂ ಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ರಾತ್ರಿ ಮಲಗುವ ಮುಂಚೆ ತುರಿಕೆಗೆ 0ಯಿಂದ 10ರೊಳಗೆ ಒಂದು ಅಂಕ ಬರೆಯಿರಿ. ಊಟ, ಆಟ ಬಿಟ್ಟು ಕೆರೆದುಕೊಂಡರೆ, ನಿದ್ದೆಯಿಂದ ಎದ್ದು ಕೆರೆದುಕೊಂಡರೆ 7ರ ಮೇಲೆ. 2ರ ಒಳಗಿದ್ದರೆ ಆರೋಗ್ಯವಂತ ನಾಯಿ. ಬರೆದಿಡದಿದ್ದರೆ ಹೋದ ವಾರ ಹೇಗಿತ್ತು ಎಂಬುದು ಯಾರಿಗೂ ನೆನಪಿರುವುದಿಲ್ಲ.

ಈಗ ನೀರು. ಇದನ್ನು ಜನ ಔಷಧಿಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಪಟ್ಟಿಯಲ್ಲಿ ಮೊದಲ ಹೆಸರು ಇದರದ್ದು, ಏಕೆಂದರೆ ಪರಾಗ ಮುಖ್ಯವಾಗಿ ಒಳಹೊಗುವುದೇ ಚರ್ಮದ ಮೂಲಕ. ಅಡ್ಡಾಡಿಸಿ ತಂದ ಕೂಡಲೇ ಅಗಲ ಬುಟ್ಟಿಯಲ್ಲಿ ನಾಲ್ಕು ಬೆರಳು ತಣ್ಣೀರು ಹಾಕಿ, ಒಂದೊಂದು ಪಾದಕ್ಕೆ ಅರ್ಧ ನಿಮಿಷ ಬೆರಳ ಸಂದು ಬಿಡಿಸಿ ತೊಳೆಯಿರಿ. ಹೊಟ್ಟೆಯಡಿ ಒದ್ದೆ ಬಟ್ಟೆ ಆಡಿಸಿ. ನಳದ ನೀರು ನಾಲ್ಕಾರು ದಿನಕ್ಕೊಮ್ಮೆ ಬರುವ ಓಣಿಯಲ್ಲಿದ್ದರೂ ಇದಕ್ಕೆ ಎರಡು ಮೂರು ಲೀಟರ್ ಸಾಕು. ಹೆಚ್ಚಿನವರು ತಪ್ಪುವುದು ಒರೆಸುವಲ್ಲಿ. ಹಳೆಯ ಹತ್ತಿ ಟವೆಲಿನಿಂದ ಸಂದು ಸಂದು ಒಣಗಿಸದೆ ಬಿಟ್ಟರೆ ಆ ಪಸೆಯಲ್ಲೇ ಯೀಸ್ಟ್ ಬೆಳೆಯುತ್ತದೆ, ತೊಳೆದದ್ದೇ ಕೇಡಾಗುತ್ತದೆ.

ವಾರಕ್ಕೊಂದು ಸ್ನಾನ. ಬಿಸಿನೀರು ತುರಿಕೆ ಕೆರಳಿಸುತ್ತದೆ, ತಣ್ಣೀರು ಇಲ್ಲವೇ ಉಗುರುಬೆಚ್ಚಗಿನದು ಇರಲಿ. ಶಾಂಪೂ ಹಚ್ಚಿ ಗಡಿಯಾರ ನೋಡಿಕೊಂಡು 10 ನಿಮಿಷ ಬಿಡಬೇಕು. ಎರಡೇ ನಿಮಿಷಕ್ಕೆ ತೊಳೆದರೆ ಔಷಧಿ ಶಾಂಪೂ ಕೊಂಡ ರೊಕ್ಕ ಗಟಾರಕ್ಕೆ ಹೋದಂತೆ. ಬೋರಿನ ಗಡಸು ನೀರಿನಲ್ಲಿ ನೊರೆ ಬಾರದೆ ಜನ ಶಾಂಪೂ ಸುರಿಯುತ್ತಲೇ ಹೋಗುತ್ತಾರೆ. ಉಳಿದ ಜಿಡ್ಡೂ ಕೆರೆತಕ್ಕೆ ಕಾರಣ. ಶಾಂಪೂವನ್ನು ಮೊದಲೇ ಒಂದು ಮಗ್ ನೀರಿಗೆ ಬೆರೆಸಿ ಹಚ್ಚಿ, ಕೊನೆಯ ಎರಡು ಬಕೆಟ್ ನಳದ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ನಮ್ಮ ಸಾಬೂನು ಬೇಡ, ನಾಯಿಯ ಚರ್ಮದ ಆಮ್ಲೀಯತೆ ನಮ್ಮದಕ್ಕಿಂತ ಕಡಿಮೆ. ಕೊಬ್ಬರಿ ಎಣ್ಣೆಯೂ ಬೇಡ. ಜಿಡ್ಡಿಗೆ ಪರಾಗ, ಧೂಳು ಅಂಟುತ್ತದೆ, ನಾಯಿ ಅದನ್ನೇ ನೆಕ್ಕುತ್ತದೆ. ತಪ್ಪದೆ ತೊಳೆದರೆ ಎರಡು ವಾರದಲ್ಲಿ 5 ಇದ್ದ ಅಂಕ 3ಕ್ಕೆ ಇಳಿಯುತ್ತದೆ. 8 ಇದ್ದ ನಾಯಿಗೆ ನೀರೊಂದೇ ಸಾಲುವುದಿಲ್ಲ.

ಸೆಟಿರಿಜಿನ್ ಎಂಬ ಅಲರ್ಜಿ ಗುಳಿಗೆ ಅಗ್ಗ, ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುತ್ತದೆ. ರೂಢಿಯ ಪ್ರಮಾಣ ಕಿಲೋಗೆ 1 ಮಿಲಿಗ್ರಾಂ, ದಿನಕ್ಕೊಮ್ಮೆ: ಪಗ್‌ಗೆ 10 ಮಿಲಿಗ್ರಾಂನ ಒಂದು ಗುಳಿಗೆ, ಲ್ಯಾಬ್‌ಗೆ ಎರಡು, ಅದಕ್ಕಿಂತ ಹೆಚ್ಚಿಲ್ಲ. ತುರಿಕೆ ಹತ್ತಿದ ಮೇಲೆ ಕೊಟ್ಟರೆ ಬಹುಪಾಲು ನಾಯಿಗಳಿಗೆ ಇದರಿಂದ ಏನೂ ಆಗುವುದಿಲ್ಲ. ಉರಿಯೂತ ಎದ್ದಾದ ಮೇಲೆ ತುರಿಕೆ ಎಬ್ಬಿಸುವ ಹಿಸ್ಟಮೈನ್ ಎಂಬ ರಾಸಾಯನಿಕ ಒಂದನ್ನೇ ತಡೆದು ಪ್ರಯೋಜನವಿಲ್ಲ. ಹಂಗಾಮಿಗೆ ಎರಡು ಮೂರು ವಾರ ಮುಂಚೆ, ಅಂದರೆ ಪಂಚಮಿಯ ಸುಮಾರಿಗೆ ಶುರು ಮಾಡಿದರೆ ಸೌಮ್ಯ ತುರಿಕೆಯ ಕೆಲವು ನಾಯಿಗಳಿಗೆ ಒಗ್ಗುತ್ತದೆ. ಒಂದು ಎಚ್ಚರಿಕೆ: ಅಂಗಡಿಯಲ್ಲಿ "ನೆಗಡಿ ಗುಳಿಗೆ" ಎಂದು ಕೇಳಿ ತರಬೇಡಿ. ಪ್ಯಾರಾಸಿಟಮಾಲ್, ಫಿನೈಲೆಫ್ರಿನ್ ಅಥವಾ ಸೂಡೋಎಫೆಡ್ರಿನ್ ಬೆರೆತವು ನಾಯಿಯ ಜೀವಕ್ಕೇ ಕುತ್ತು. ಸಿರಪ್ಪಿನಲ್ಲಿ ಜೈಲಿಟಾಲ್ ಎಂಬ ಸಿಹಿ ಇರಬಹುದು, ಅದೂ ವಿಷ. ಗುಳಿಗೆಯ ಪಟ್ಟಿಯ (ಸ್ಟ್ರಿಪ್) ಹಿಂದೆ ಸೆಟಿರಿಜಿನ್ ಒಂದೇ ಹೆಸರಿರಬೇಕು.

ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಗುಳಿಗೆಯಷ್ಟು ಕಡಿಮೆ ರೊಕ್ಕಕ್ಕೆ ಇಷ್ಟು ಜೋರಾಗಿ ಕೆಲಸ ಮಾಡುವುದು ಬೇರೆ ಇಲ್ಲ. ಕಿಲೋಗೆ 0.5 ಮಿಲಿಗ್ರಾಂನಂತೆ ದಿನಕ್ಕೆ ಒಂದೆರಡು ಸಲ. ಒಂದೆರಡು ದಿನದಲ್ಲೇ ಅಂಕ ಅರ್ಧಕ್ಕಿಳಿಯುತ್ತದೆ. ಅದರ ಬೆಲೆ ಬೇರೆ ರೂಪದಲ್ಲಿ ತೆರಬೇಕು. ನಾಯಿ ಬಕೆಟ್‌ಗಟ್ಟಲೆ ನೀರು ಕುಡಿಯುತ್ತದೆ, ರಾತ್ರಿ ಮನೆಯೊಳಗೇ ಉಚ್ಚೆ ಹೊಯ್ಯುತ್ತದೆ, ಎಷ್ಟು ರೊಟ್ಟಿ ಹಾಕಿದರೂ ಹಸಿವು ಹಿಂಗುವುದಿಲ್ಲ. ತಿಂಗಳುಗಟ್ಟಲೆ ಎಳೆದರೆ ಸ್ನಾಯು ಕರಗಿ ಹೊಟ್ಟೆ ಜೋಲುತ್ತದೆ, ಚರ್ಮ ತೆಳುವಾಗುತ್ತದೆ, ಸಕ್ಕರೆ ಕಾಯಿಲೆಗೂ ದಾರಿಯಾಗಬಹುದು. ವಾರ ಎರಡು ವಾರದ ತೀವ್ರ ತುರಿಕೆಗೆ ಇದೇ ಸರಿ, ಮೂರು ತಿಂಗಳ ಹಂಗಾಮಿಗೆ ಅಲ್ಲ. ವಾರಗಟ್ಟಲೆ ಕೊಟ್ಟದ್ದನ್ನು ಒಮ್ಮೆಲೇ ನಿಲ್ಲಿಸಬಾರದು. ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ, ಹೀಗೆ ಇಳಿಸಬೇಕು. ಕಾಲುನೋವಿಗೆ ಕೊಡುವ ಮೆಲಾಕ್ಸಿಕಾಮ್ ಜೊತೆಗೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು. "ಒಂದೇ ಸೂಜಿ ಹಾಕಿಬಿಡಿ" ಎಂದು ದೀರ್ಘಕಾಲದ ಸ್ಟೆರಾಯ್ಡ್ ಕೇಳುವವರಿಗೆ ನಮ್ಮ ಮಾತು ಇಷ್ಟೇ: ಗುಳಿಗೆಯನ್ನು ನಾಳೆ ಕಡಿಮೆ ಮಾಡಬಹುದು, ಮೈಗೆ ಹೋದ ಸೂಜಿಯನ್ನು ವಾರಗಟ್ಟಲೆ ತಡೆಯಲಾಗದು.

ಆಕ್ಲಾಸಿಟಿನಿಬ್ (ಅಪೊಕ್ವೆಲ್ ಹೆಸರಿನದು) ತುರಿಕೆಯ ಸಂಕೇತವನ್ನೇ ಕತ್ತರಿಸುತ್ತದೆ. ಪರಿಣಾಮ ನಾಲ್ಕು ತಾಸಿನಲ್ಲೇ ಶುರು, 24 ತಾಸಿನಲ್ಲಿ ಸ್ಪಷ್ಟ. ಕಿಲೋಗೆ 0.4ರಿಂದ 0.6 ಮಿಲಿಗ್ರಾಂ: ಲ್ಯಾಬ್‌ಗೆ 16 ಮಿಲಿಗ್ರಾಂನ ಒಂದು ಗುಳಿಗೆ, ಪಗ್‌ಗೆ 5.4ರದ್ದು ಒಂದು. ಹೆಚ್ಚೆಂದರೆ 14 ದಿನ ದಿನಕ್ಕೆರಡು ಸಲ, ನಂತರ ಒಂದೇ ಸಲ. ನೀರಡಿಕೆ, ಹಸಿವಿನ ಕಾಟ ಇಲ್ಲ. 12 ತಿಂಗಳ ಒಳಗಿನ ಮರಿಗೆ, ಗಂಭೀರ ಸೋಂಕಿರುವ ನಾಯಿಗೆ ಕೊಡುವಂತಿಲ್ಲ. 15ನೇ ದಿನ ಒಂದಕ್ಕಿಳಿಸಿದಾಗ ಅನೇಕ ನಾಯಿಗಳಲ್ಲಿ ತುರಿಕೆ ಮತ್ತೆ ಏಳುತ್ತದೆ. ಗುಳಿಗೆ ಸೋತಿತೆಂದು ಗಾಬರಿಯಾಗಿ ಮತ್ತೆ ಎರಡಕ್ಕೆ ಏರಿಸಬೇಡಿ. ಆ ವಾರ ಸ್ನಾನ ಎರಡಾಗಲಿ. ಅಂಕ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಇದರ ದೊಡ್ಡ ತೊಡಕು ಬೆಲೆ, ಅದರಲ್ಲೂ ದೊಡ್ಡ ನಾಯಿಗೆ. ಆದರೂ ಮೂರು ತಿಂಗಳ ಹಂಗಾಮು, 7ರ ಮೇಲಿನ ಅಂಕ ಎಂದಾದರೆ ನಮ್ಮ ಆಯ್ಕೆ ಇದೇ.

ಸೈಕ್ಲೊಸ್ಪೊರಿನ್ ಎಂಬ ಇನ್ನೊಂದು ಔಷಧಿ ಹಿಡಿಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ನಮ್ಮ ಹಂಗಾಮು ಅರ್ಧ ಮುಗಿದಿರುತ್ತದೆ. ವರ್ಷವಿಡೀ ತುರಿಸುವ ನಾಯಿಗೆ ಅದು ಸರಿ.

ಮೀನೆಣ್ಣೆಯು ಈ ಗುಳಿಗೆಗಳಿಗೆ ಬದಲಿ ಅಲ್ಲ, ಜೊತೆಗಾರ. ಸಾಧಾರಣ 1000 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ, ಡಿಎಚ್ಎ ಎಂಬ ಎರಡು ಒಮೆಗಾ-3 ಕೊಬ್ಬು ಸೇರಿ 300 ಮಿಲಿಗ್ರಾಂ ಮಾತ್ರ ಇರುತ್ತದೆ. ಲ್ಯಾಬ್‌ಗೆ ದಿನಕ್ಕೆ ಇವೆರಡೂ ಸೇರಿ ಸುಮಾರು 1600 ಮಿಲಿಗ್ರಾಂ ಬೇಕು, ಅಂದರೆ ಐದು ಕ್ಯಾಪ್ಸೂಲ್, ಪಗ್‌ಗೆ ಎರಡು. ಒಂದರಿಂದ ಶುರು ಮಾಡಿ ಮೆಲ್ಲಗೆ ಏರಿಸಿ, ಇಲ್ಲದಿದ್ದರೆ ಭೇದಿ. ಫಲ ಕಾಣಲು ಎರಡು ಮೂರು ತಿಂಗಳು ಬೇಕಾದ್ದರಿಂದ ಕಾರಹುಣ್ಣಿಮೆಗೇ ಆರಂಭಿಸಬೇಕು. ನಮ್ಮ ಕಡೆ ಅಗಸಿ ಮನೆಮನೆಯಲ್ಲೂ ಇದೆ, ಅದನ್ನೇ ಹಾಕಬಾರದೇ ಎಂದು ಕೇಳುತ್ತಾರೆ. ಅಗಸಿಯಲ್ಲಿರುವ ಒಮೆಗಾ-3ಯನ್ನು ಇಪಿಎ ಆಗಿ ಬದಲಿಸಿಕೊಳ್ಳುವ ಶಕ್ತಿ ನಾಯಿಯ ಮೈಯಲ್ಲಿ ತೀರಾ ಕಡಿಮೆ, ಹಾಗಾಗಿ ಅದು ಮೀನೆಣ್ಣೆಗೆ ಸಮವಾಗದು.

ನಿಲ್ಲಿಸುವುದಕ್ಕೂ ಕ್ರಮವಿದೆ. ದೀಪಾವಳಿ ಕಳೆದು ಅಂಕ ಸತತ ಹತ್ತು ದಿನ 2ರೊಳಗೆ ನಿಂತರೆ ವೈದ್ಯರನ್ನು ಕೇಳಿ ಮೊದಲು ಗುಳಿಗೆ ಇಳಿಸಿ. ಎರಡು ವಾರ ಬಿಟ್ಟು ಸ್ನಾನವನ್ನು ಹದಿನೈದು ದಿನಕ್ಕೊಮ್ಮೆ ಮಾಡಿ. ಪಾದ ತೊಳೆಯುವುದನ್ನು ಎಲ್ಲಕ್ಕಿಂತ ಕೊನೆಗೆ, ಸೈಟಿನ ಕಾಂಗ್ರೆಸ್ ಕಸ ಪೂರ್ತಿ ಒಣಗಿದ ಮೇಲೆ ಬಿಡಿ.