ಗೂಗಲ್ ಸೈಟ್ಸ್: ಮೊದಲ ಜಾಲತಾಣಕ್ಕೆ ಇಷ್ಟು ಸಾಕು

ಸಣ್ಣ ಉದ್ಯಮಕ್ಕೋ ಊರಿನ ಸಂಘಕ್ಕೋ ಮೊದಲ ಸಲ ಜಾಲತಾಣ ಮಾಡಿಕೊಳ್ಳಹೊರಟವರು ಕೇಳಿದರೆ ನಾನು ಗೂಗಲ್ ಸೈಟ್ಸ್ ಎಂಬ ಉಚಿತ ಸೇವೆಯ ಹೆಸರನ್ನೇ ಮೊದಲು ಹೇಳುತ್ತೇನೆ. ಅದಕ್ಕೆ ಕಾರಣ ಅದರ ಸಾಮರ್ಥ್ಯಕ್ಕಿಂತ ಹೆಚ್ಚಾಗಿ ಅದರ ಬಡತನ. ಬಣ್ಣ, ಅಲಂಕಾರ, ಓಡಾಡುವ ಅಕ್ಷರಗಳಲ್ಲಿ ಕಾಲ ಕಳೆಯಲು ಅದು ಅವಕಾಶವನ್ನೇ ಹೆಚ್ಚು ಕೊಡುವುದಿಲ್ಲವಾದ್ದರಿಂದ, ಮಾಡುವವರ ಗಮನ ಬೇಗನೆ ‘ಇಲ್ಲಿಗೆ ಬರುವವರಿಗೆ ಏನು ಗೊತ್ತಾಗಬೇಕು’ ಎಂಬ ಪ್ರಶ್ನೆಯತ್ತ ಹೊರಳುತ್ತದೆ. ಶಿರಸಿ ಸೀಮೆಯಲ್ಲಿರುವ ನಮ್ಮ ಭಾವನ ಅಡಿಕೆ ಮತ್ತು ಕಾಳುಮೆಣಸಿನ ನರ್ಸರಿಗಾಗಿ ಇದರಲ್ಲಿ ಮಾಡಿದ, ಈಗಲೂ ಬಳಕೆಯಲ್ಲಿರುವ ಪುಟ್ಟ ತಾಣವೊಂದರ ಅನುಭವದಿಂದ ಈ ವಿಮರ್ಶೆ ಬರೆಯುತ್ತಿದ್ದೇನೆ.

ಜಾಟ್‌ಸ್ಪಾಟ್ ಎಂಬ ಕಂಪನಿಯನ್ನು 2006ರಲ್ಲಿ ಕೊಂಡ ಗೂಗಲ್, ಆ ತಂತ್ರಾಂಶವನ್ನು ಆಧರಿಸಿ 2008ರಲ್ಲಿ ಈ ಸೇವೆಯನ್ನು ಆರಂಭಿಸಿತು. ಇಂದು ನಾವು ಕಾಣುವ ರೂಪ 2016ರಲ್ಲಿ ಹೊಸದಾಗಿ ಬಂದದ್ದು. ಜಿಮೇಲ್ ಖಾತೆ ಇರುವ ಯಾರು ಬೇಕಾದರೂ ಬಳಸಬಹುದು. ಹೋಸ್ಟಿಂಗ್ (ತಾಣವನ್ನು ಇಡಲು ಬೇಕಾದ ಅಂತರ್ಜಾಲದ ಜಾಗ) ಕೊಳ್ಳಬೇಕಿಲ್ಲ, ಸುರಕ್ಷಿತ ಸಂಪರ್ಕಕ್ಕೆ ಬೇಕಾದ ಎಚ್‌ಟಿಟಿಪಿಎಸ್ ತಾನಾಗಿಯೇ ಬರುತ್ತದೆ, ಕೋಡ್ ಬರೆಯುವ ಅಗತ್ಯವಿಲ್ಲ. ಗೂಗಲ್‌ನ ಕಡತ ಸಂಗ್ರಹವಾದ ಡ್ರೈವ್‌ನಲ್ಲಿ ಇಡುವ ಕಡತಗಳು ಖಾತೆಯ 15 ಜಿಬಿ ಉಚಿತ ಜಾಗದ ಲೆಕ್ಕಕ್ಕೆ ಸೇರುತ್ತವೆ. ನಾಲ್ಕಾರು ಪುಟಗಳ ತಾಣಕ್ಕೆ ಅದು ಬೇಕಾದಷ್ಟಾಯಿತು.

ಕಂಪ್ಯೂಟರ್ ತೆರೆಯುವ ಮೊದಲೇ ನಾವು ಮಾಡಿಕೊಂಡ ಒಂದು ಕೆಲಸ ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟಿತು. ನರ್ಸರಿಗೆ ಫೋನ್ ಮಾಡುವವರು ಏನೇನು ಕೇಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದೆವು. ಅಡಿಕೆ ತಳಿಗಳಲ್ಲಿ ಮಂಗಳ ಇದೆಯೇ, ಮೋಹಿತ್‌ನಗರ ಇದೆಯೇ, ಸಸಿಗೆ ಎಷ್ಟು ತಿಂಗಳಾಗಿದೆ, ದರ ಎಷ್ಟು, ಪಣಿಯೂರು-1 ತಳಿಯ ಕಾಳುಮೆಣಸಿನ ಬಳ್ಳಿ ಚೆನ್ನಾಗಿ ಬೇರು ಬಿಟ್ಟಿದೆಯೇ, ಎಕರೆಗೆ ಎಷ್ಟು ಸಸಿ ಬೇಕಾದೀತು, ಪಿಕಪ್ ಗಾಡಿ ಅಂಗಳದವರೆಗೆ ಬರುತ್ತದೆಯೇ. ಈ ಹಾಳೆಯನ್ನು ಮುಂದಿಟ್ಟುಕೊಂಡಾಗ ಪುಟಗಳು ತಾವಾಗಿಯೇ ನಿಶ್ಚಯವಾದವು: ಈಗ ಸಿಗುವ ಸಸಿಗಳು, ನೆಡುವ ಮೊದಲು ತಿಳಿದಿರಬೇಕಾದದ್ದು, ದಾರಿ ಮತ್ತು ಸಮಯ, ಮುಂಗಡ ಬೇಡಿಕೆ. ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಸಸಿ ಹಿಡಿಯುತ್ತದೆ, ನೆಡಲು 12ರಿಂದ 18 ತಿಂಗಳ ಸಸಿ ಒಳ್ಳೆಯದು ಎಂಬಂಥ ನಾಲ್ಕು ಮಾತು ಅಲ್ಲಿದ್ದರೆ, ಸಸಿ ಕೊಳ್ಳದವರೂ ಆ ಪುಟವನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ. ‘ನಮ್ಮ ಬಗ್ಗೆ’ ಎಂಬ ಪುಟವೊಂದು ಇರಲೇಬೇಕೆಂದು ಭಾವ ಪಟ್ಟು ಹಿಡಿದಿದ್ದರು. ಚರ್ಚೆಯಾಗಿ ಅದು ಮುಖಪುಟದ ಅಡಿಯಲ್ಲಿ ಮೂರು ಸಾಲಾಗಿ ಉಳಿಯಿತು.

ಪುಟ ಕಟ್ಟುವ ಕೆಲಸ ನಿಜಕ್ಕೂ ಸುಲಭ. ಬಲಬದಿಯ ಪಟ್ಟಿಯಿಂದ ಪಠ್ಯ, ಚಿತ್ರ, ಗುಂಡಿ, ನಕ್ಷೆ, ಯೂಟ್ಯೂಬ್ ವೀಡಿಯೊ, ಫಾರ್ಮ್ ಇವುಗಳಲ್ಲಿ ಬೇಕಾದದ್ದನ್ನು ಎಳೆದು ತಂದು ಇಡಬಹುದು. ಪುಟ ಸೇರಿಸಿದ ಕೂಡಲೇ ಮೆನುವಿನಲ್ಲಿ ಅದರ ಹೆಸರು ಮೂಡುತ್ತದೆ. ಫೋನ್, ಟ್ಯಾಬ್ಲೆಟ್, ಕಂಪ್ಯೂಟರ್ ಮೂರರಲ್ಲೂ ತಾಣ ಹೇಗೆ ಕಾಣುತ್ತದೆ ಎಂಬ ಮುನ್ನೋಟ ಅಲ್ಲೇ ಸಿಗುತ್ತದೆ. ಕೃಷಿಕರಲ್ಲಿ ಬಹುಪಾಲು ಜನ ಫೋನಿನಲ್ಲೇ ನೋಡುವವರಾದ್ದರಿಂದ ನಾವು ಪ್ರತಿ ಬದಲಾವಣೆಯನ್ನೂ ಮೊದಲು ಫೋನಿನ ಮುನ್ನೋಟದಲ್ಲಿ ನೋಡಿ ಒಪ್ಪಿದೆವು. ಸಿದ್ಧ ವಿನ್ಯಾಸಗಳು ಕೈಬೆರಳಲ್ಲಿ ಎಣಿಸುವಷ್ಟೇ ಇವೆ, ಅವುಗಳಲ್ಲಿ ಮನಸ್ಸು ಸೆಳೆಯುವಂಥದ್ದು ಒಂದೂ ಇಲ್ಲ. ಇನ್ನೊಂದು ಕೊರತೆಯೆಂದರೆ, ತಾಣವನ್ನು ತಿದ್ದಲು ಕಂಪ್ಯೂಟರ್ ಬೇಕು. ಇದಕ್ಕೆ ಪ್ರತ್ಯೇಕ ಮೊಬೈಲ್ ಆಪ್ ಇಲ್ಲ.

ಆ ಕೊರತೆಯನ್ನು ದಾಟಲು ಸಿಕ್ಕ ದಾರಿಯೇ ಈ ಸೇವೆಯ ಅತ್ಯಂತ ಉಪಯುಕ್ತ ಗುಣವೆಂದು ನನಗೆ ಅನ್ನಿಸಿದೆ. ಸಸಿಗಳ ಹೆಸರು, ಲಭ್ಯತೆ, ದರ ಇಷ್ಟನ್ನೇ ಗೂಗಲ್ ಶೀಟ್ಸ್ ಎಂಬ ಲೆಕ್ಕಪಟ್ಟಿ ಸೇವೆಯಲ್ಲಿ ಬರೆದು ಆ ಪಟ್ಟಿಯನ್ನು ಪುಟದೊಳಗೆ ಕೂರಿಸಿದೆವು. ಶೀಟ್ಸ್‌ಗೆ ಮೊಬೈಲ್ ಆಪ್ ಇರುವುದರಿಂದ, ಒಂದು ತಳಿ ಖಾಲಿಯಾದಾಗ ಭಾವ ಸಸಿಗಳ ನಡುವೆ ನಿಂತೇ ಫೋನಿನಲ್ಲಿ ‘ಇಲ್ಲ’ ಎಂದು ಬದಲಿಸುತ್ತಾರೆ. ಆಮೇಲೆ ಪುಟ ತೆರೆದವರಿಗೆ ಹೊಸ ಮಾಹಿತಿಯೇ ಕಾಣುತ್ತದೆ, ತಾಣವನ್ನು ಮುಟ್ಟುವ ಕೆಲಸವೇ ಬೀಳುವುದಿಲ್ಲ. ಮಳೆಗಾಲದ ಆರಂಭದಲ್ಲಿ ಎಲ್ಲರೂ ಒಟ್ಟಿಗೆ ಸಸಿ ಹುಡುಕುವಾಗ ಇದರ ಬೆಲೆ ಗೊತ್ತಾಗುತ್ತದೆ. ಆದರೆ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದಾಗಿ, ಆ ಶೀಟ್‌ನ ಹಂಚಿಕೆಯನ್ನು ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂದು ಬದಲಿಸದಿದ್ದರೆ, ನಿಮ್ಮ ಪರದೆಯಲ್ಲಿ ಸರಿಯಾಗಿ ಕಾಣುವ ಪಟ್ಟಿ ಗಿರಾಕಿಗಳಿಗೆ ಕಾಣುವುದೇ ಇಲ್ಲ. ಎರಡನೆಯದಾಗಿ, ಹಾಗೆ ಹಂಚಿಕೊಂಡ ಕಡತ ಪೂರ್ತಿಯಾಗಿ ಎಲ್ಲರಿಗೂ ತೆರೆದಿರುತ್ತದೆ. ದರಪಟ್ಟಿ ಇರುವ ಕಡತದ ಇನ್ನೊಂದು ಹಾಳೆಯಲ್ಲಿ ಯಾರು ಎಷ್ಟು ಬಾಕಿ ಕೊಡಬೇಕೆಂಬ ಲೆಕ್ಕವನ್ನೇನಾದರೂ ಬರೆದಿಟ್ಟರೆ ಅದೂ ಊರಿಗೆಲ್ಲ ಗೊತ್ತಾದಂತೆಯೇ. ದರಪಟ್ಟಿಗೆಂದೇ ಬೇರೆ ಕಡತ ಇಟ್ಟುಕೊಳ್ಳಬೇಕು. ಫೋನಿನ ಕಿರುಪರದೆಯಲ್ಲಿ ಅಗಲವಾದ ಪಟ್ಟಿಯನ್ನು ಸರಿಸಿ ಸರಿಸಿ ಓದುವುದು ಕಷ್ಟವಾದ್ದರಿಂದ ಮೂರು ಕಾಲಂ ಮೀರದಿರುವುದು ಒಳ್ಳೆಯದು.

ಕನ್ನಡದ ಮಟ್ಟಿಗೆ ಹೇಳುವುದಾದರೆ ಬರೆಯಲು ತೊಡಕಿಲ್ಲ, ಆದರೆ ಕೆಲವು ಸೂಕ್ಷ್ಮಗಳಿವೆ. ನುಡಿ ಅಥವಾ ಬರಹದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಕಡತದಿಂದ ನಕಲಿಸಿ ತಂದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತದೆ. ಅದನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಸಾಧನಗಳೂ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸಿಕೊಳ್ಳಬೇಕು. ಒತ್ತಕ್ಷರಗಳಿಗೆ ಉಸಿರಾಡಲು ಜಾಗ ಬೇಕಾದ್ದರಿಂದ ಸಾಲುಗಳ ಅಂತರವನ್ನು ತುಸು ಹೆಚ್ಚಿಸಿದರೆ ಓದು ಹಗುರವಾಗುತ್ತದೆ. ಪುಟಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಅದರ ವಿಳಾಸವೂ ಕನ್ನಡದಲ್ಲೇ ರೂಪುಗೊಂಡು, ನಕಲಿಸಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುವಾಗ ಶೇಕಡಾ ಚಿಹ್ನೆ ಮತ್ತು ಅಂಕಿಗಳ ಉದ್ದನೆಯ ಬಾಲವಾಗಿಬಿಡುತ್ತದೆ. ಪುಟದ ಗುಣಲಕ್ಷಣಗಳಲ್ಲಿ ‘ಕಸ್ಟಮ್ ಪಾತ್’ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರನ್ನು ಕೊಟ್ಟರೆ, ಮೆನುವಿನಲ್ಲಿ ಕನ್ನಡವೂ ಉಳಿಯುತ್ತದೆ, ವಿಳಾಸವೂ ಚೊಕ್ಕವಾಗುತ್ತದೆ. ಇನ್ನು ನಮ್ಮಲ್ಲಿ ದರಪಟ್ಟಿಯಿಂದ ಹಿಡಿದು ಆಮಂತ್ರಣದವರೆಗೆ ಎಲ್ಲವನ್ನೂ ಪೋಸ್ಟರ್ ಮಾಡಿ ಚಿತ್ರವಾಗಿ ಹಾಕುವ ಅಭ್ಯಾಸ ಬಲವಾಗಿದೆ. ಚಿತ್ರದೊಳಗಿನ ಫೋನ್ ನಂಬರನ್ನು ಒತ್ತಿ ಕರೆ ಮಾಡಲಾಗದು, ಹುಡುಕಾಟದಲ್ಲಿ ಆ ಬರಹ ಸಿಗುವುದೂ ಕಷ್ಟ. ಮಾಹಿತಿಯನ್ನು ಅಕ್ಷರಗಳಲ್ಲೇ ಬರೆಯಬೇಕು, ಚಿತ್ರ ಚಿತ್ರವಾಗಿಯೇ ಇರಲಿ.

ಹೊಸಬರನ್ನು ಕಾಡುವ ಜಾಗ ಪ್ರಕಟಣೆಯದು. ತಿದ್ದಿದ್ದೆಲ್ಲ ತಾನಾಗಿಯೇ ಉಳಿದುಕೊಳ್ಳುತ್ತದೆಯಾದರೂ ‘ಪಬ್ಲಿಷ್’ ಒತ್ತುವವರೆಗೆ ಹೊರಗಿನವರಿಗೆ ಹಳೆಯ ರೂಪವೇ ಕಾಣುತ್ತದೆ. ಇದು ಒಳ್ಳೆಯದೇ, ಅರೆಬರೆ ಕೆಲಸ ಹೊರಬೀಳುವುದಿಲ್ಲ. ಹುಡುಕು ಯಂತ್ರಗಳಲ್ಲಿ ತಾಣ ಕಾಣಬಾರದೆಂದು ಕೋರುವ ಆಯ್ಕೆಯೊಂದು ಪ್ರಕಟಣೆಯ ಸೆಟ್ಟಿಂಗ್‌ನಲ್ಲಿದೆ, ಅದು ಗುರುತಾಗಿಲ್ಲವೆಂದು ಖಾತ್ರಿಪಡಿಸಿಕೊಳ್ಳಬೇಕು. ಪ್ರಕಟಿಸಿದ ಮಾತ್ರಕ್ಕೆ ಮರುದಿನವೇ ಹುಡುಕಾಟದಲ್ಲಿ ಸಿಗುತ್ತದೆಂಬ ನಿರೀಕ್ಷೆ ಬೇಡ. ಸರ್ಚ್ ಕನ್ಸೋಲ್ ಎಂಬ ಇನ್ನೊಂದು ಉಚಿತ ಸೇವೆಯಲ್ಲಿ ತಾಣವನ್ನು ನೋಂದಾಯಿಸಿದರೆ ಜನ ಯಾವ ಪದ ಹುಡುಕಿ ಬಂದರು ಎಂಬುದೂ ತಿಳಿಯುತ್ತದೆ. ‘ಅಡಿಕೆ ಸಸಿ’ ಎಂದು ಕನ್ನಡ ಅಕ್ಷರಗಳಲ್ಲಿ ಹುಡುಕುವವರಿರುವಂತೆ ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಹುಡುಕುವವರೂ ಇದ್ದಾರೆ. ಮುಖಪುಟದಲ್ಲಿ ಎರಡೂ ರೂಪ ಒಂದೊಂದು ಕಡೆ ಬಂದಿರಲಿ.

ಸ್ವಂತ ಡೊಮೈನ್, ಅಂದರೆ ನಿಮ್ಮದೇ ಹೆಸರಿನ ಜಾಲವಿಳಾಸ, ಜೋಡಿಸಲು ಗೂಗಲ್ ಹಣ ಕೇಳುವುದಿಲ್ಲ. ಡೊಮೈನ್‌ನ ವಾರ್ಷಿಕ ಬಾಡಿಗೆಯನ್ನು ನೋಂದಣಿ ಕಂಪನಿಗೆ ಕಟ್ಟಿ, ವಿಳಾಸಗಳ ದಾರಿ ನಿಗದಿಪಡಿಸುವ ಅಲ್ಲಿನ ಡಿಎನ್‌ಎಸ್ ಪುಟದಲ್ಲಿ, ಆ ಹೆಸರನ್ನು ನಿಮ್ಮ ತಾಣದತ್ತ ತಿರುಗಿಸುವ ಸಿನೇಮ್ ದಾಖಲೆಯೊಂದನ್ನು ಸೇರಿಸಬೇಕು. ಈ ಭಾಗದ ಸೂಚನೆಗಳು ಮಾತ್ರ ತಿಳಿದವರಿಗಷ್ಟೇ ಅರ್ಥವಾಗುವಂತಿವೆ. ಮೊದಲ ವರ್ಷದ ಅಗ್ಗದ ದರ ನೋಡಿ ಕೊಳ್ಳುವವರು ನವೀಕರಣದ ದರವನ್ನೂ ವಿಚಾರಿಸಿಕೊಳ್ಳಬೇಕು, ಅದು ಬಹುತೇಕ ಹೆಚ್ಚಾಗಿಯೇ ಇರುತ್ತದೆ. ಸಾಧ್ಯವಾದರೆ ಈ ಖರ್ಚನ್ನು ಮಾಡುವುದು ಲೇಸು. ಹೆಸರು ನಿಮ್ಮದಾಗಿದ್ದರೆ ನಾಳೆ ತಾಣವನ್ನು ಬೇರೆ ಸೇವೆಗೆ ಒಯ್ದರೂ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ ಅಚ್ಚಾದ ವಿಳಾಸ ಬದಲಾಗುವುದಿಲ್ಲ.

ಅಂಥ ದಿನ ಬರಲಾರದೆಂದು ಹೇಳುವಂತಿಲ್ಲ. ಹುಡುಕಾಟ ಮತ್ತು ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಮೂಲಕ ಸಣ್ಣ ಅಂಗಡಿಗಳು ಮಾಡಿಕೊಂಡಿದ್ದ ಉಚಿತ ಜಾಲತಾಣಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಡೊಮೈನ್ ಮಾರುವ ತನ್ನ ವ್ಯವಹಾರವನ್ನು 2023ರಲ್ಲಿ ಸ್ಕ್ವೇರ್‌ಸ್ಪೇಸ್ ಎಂಬ ಕಂಪನಿಗೆ ಮಾರಿತು. ಆದ್ದರಿಂದ ಪುಟಗಳ ಪಠ್ಯ ಮತ್ತು ಮೂಲ ಚಿತ್ರಗಳ ಪ್ರತಿಯನ್ನು ಬೇರೆ ಕಡೆ ಇಟ್ಟುಕೊಂಡಿರಬೇಕು. ಇದಕ್ಕಿಂತ ಹತ್ತಿರದ ಅಪಾಯ ಖಾತೆಯದು. ಸಂಘದ ತಾಣವನ್ನು ಕಾರ್ಯದರ್ಶಿಯ ಸ್ವಂತ ಜಿಮೇಲ್‌ನಲ್ಲಿ ಮಾಡಿದರೆ, ಅವರು ಹುದ್ದೆ ಬಿಟ್ಟಾಗ ತಾಣವೂ ಅವರ ಜತೆ ಹೋಗುತ್ತದೆ. ಎರಡು ವರ್ಷ ಬಳಕೆಯಿಲ್ಲದ ವೈಯಕ್ತಿಕ ಖಾತೆಯನ್ನು ಅಳಿಸಬಹುದೆಂಬ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿಗೆ ತಂದಿದೆ. ಸಂಸ್ಥೆಗೆಂದೇ ಪ್ರತ್ಯೇಕ ಖಾತೆ ತೆರೆದು, ಇನ್ನೊಬ್ಬರಿಗೂ ತಿದ್ದುವ ಅಧಿಕಾರ ಕೊಟ್ಟಿರುವುದು ಕ್ಷೇಮ.

ಯಾರಿಗೆ ಇದು ಬೇಡ ಎಂಬುದನ್ನೂ ಹೇಳಬೇಕು. ಇದರಲ್ಲಿ ಖರೀದಿಯ ಬುಟ್ಟಿ ಇಲ್ಲ, ಹಣ ಪಾವತಿಯ ವ್ಯವಸ್ಥೆ ಇಲ್ಲ. ನಮ್ಮ ಮುಂಗಡ ಬೇಡಿಕೆ ಗೂಗಲ್ ಫಾರ್ಮ್ ಮೂಲಕ ಬರುತ್ತದೆ, ಉಳಿದ ಮಾತುಕತೆ ಫೋನಿನಲ್ಲೇ ನಡೆಯುತ್ತದೆ. ದಿನವೂ ಲೇಖನ ಪ್ರಕಟಿಸಿ ದಿನಾಂಕ, ವಿಷಯವಾರು ಜೋಡಿಸಬೇಕಾದವರಿಗೂ ಇದು ಸಾಲದು. ಅಂಥವರು 2003ರಿಂದ ಬೆಳೆದುಬಂದಿರುವ, ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದಾದ ವರ್ಡ್‌ಪ್ರೆಸ್ ಎಂಬ ತಾಣ ಕಟ್ಟುವ ತಂತ್ರಾಂಶದತ್ತ ನೋಡಬೇಕು. ಹೋಸ್ಟಿಂಗ್‌ನ ಖರ್ಚು, ಪ್ಲಗಿನ್‌ಗಳೆಂಬ ಹೆಚ್ಚುವರಿ ತಂತ್ರಾಂಶಗಳ ನವೀಕರಣ, ಭದ್ರತೆಯ ಹೊಣೆ ಇಷ್ಟೂ ಅಲ್ಲಿ ತಮ್ಮ ಮೇಲೆಯೇ ಬೀಳುತ್ತದೆ ಎಂಬುದನ್ನು ತಿಳಿದೇ ಹೋಗಬೇಕು. ಸೈಟ್ಸ್‌ನಲ್ಲಿ ಕಟ್ಟಿದ ತಾಣವನ್ನು ನೇರವಾಗಿ ವರ್ಡ್‌ಪ್ರೆಸ್‌ಗೆ ವರ್ಗಾಯಿಸುವ ಗುಂಡಿ ಇಲ್ಲವಾದ್ದರಿಂದ, ಒಂದೆರಡು ವರ್ಷದಲ್ಲಿ ಆನ್‌ಲೈನ್ ಮಾರಾಟಕ್ಕೆ ಇಳಿಯುವ ಯೋಚನೆ ಈಗಲೇ ಇರುವವರು ಆರಂಭದಿಂದಲೇ ಅಲ್ಲಿ ಕಟ್ಟುವುದು ಉತ್ತಮ.